ದೋಣಿಗೆ ಯಾವ ಮೇಣ?

ನಮ್ಮೂರು ಹಿಪ್ಪರಗಿ, ಕೃಷ್ಣಾ ದಂಡೆ. ಅಪ್ಪನ ಕಾಲದ ಕಟ್ಟಿಗೆ ದೋಣಿಗೆ ಡಾಂಬರು ಬಿಟ್ಟರೆ ಬೇರೆ ಸಿಂಗಾರ ಇರಲಿಲ್ಲ. ಬ್ಯಾಸಿಗ್ಯಾಗ ದಂಡೆಗೆಳೆದು, ಹಲಗೆ ಒಣಗಿಸಿ, ಸಂದಿಗೆ ಹತ್ತಿ ತುರುಕಿ, ಬಿಸಿ ಡಾಂಬರು ಬಳಿಯುತ್ತಿದ್ದರು. ವಾರಗಟ್ಟಲೆ ಅಂಗಿಯೆಲ್ಲ ಅದೇ ವಾಸನೆ!

2019ರ ಮಹಾಪೂರದ ನಂತರ ಮಗ ಹಳೇ ಫೈಬರ್ ದೋಣಿ ತಂದ. ಮುಟ್ಟಿದರೆ ಕೈಗೆ ಬಿಳಿ ಪುಡಿ. "ಅಪ್ಪಾ, ಕಾರಿನ ಮೇಣ ಹಚ್ಚೂಣೇನು?" ಅಂದ. ನಾನೂ ಹೂಂ ಅಂದೆ. ಎರಡು ದಿನ ತಿಕ್ಕಿದ ಮ್ಯಾಲೆ ಕನ್ನಡಿ ಹಾಂಗ ಹೊಳೀತು. ತಳದಾಗಿನ ಕೂದಲೆಳೆಯಂಥ ಬಿರುಕು ನೋಡುವ ವ್ಯವಧಾನ ಇಬ್ಬರಿಗೂ ಇರಲಿಲ್ಲ.

ನಡುಹೊಳೆಯಲ್ಲಿ ಪಾದ ತಣ್ಣಗಾಯಿತು. ಕೊಡದಿಂದ ನೀರು ಗೋರುತ್ತ ಹ್ಯಾಗೋ ದಂಡೆ ಮುಟ್ಟಿದೆವು.

ಮೇಣ ಬಿಸಿಲಿಗೆ ಅಡ್ಡ ಆಗ್ತದ, ಸೋರಿಕೆಗಲ್ಲ. ಹಚ್ಚಿದ್ದರಾಗ ಸಿಲಿಕಾನ್ ಬೇರೆ ಇತ್ತು. ರೆಸಿನ್ ತೇಪೆ ಹಿಡಿಯಲೇ ಇಲ್ಲ. ಎಲ್ಲ ಉಜ್ಜಿ ತೆಗೀಬೇಕಾತು. ಈ ಸಲ ಮೊದಲು ತೇಪೆ, ಆಮೇಲೆ ಪಾಲಿಶ್, ಕಡೆಗೆ ಬ್ರೆಜಿಲ್‌ನ ತಾಳೆ ಜಾತಿಯ ಮರದೆಲೆಯಿಂದ ಬರೋ ಕಾರ್ನೂಬಾ ಮೇಣ, ಅದೂ ನೀರಿನ ಮೇಲಿರೋ ಭಾಗಕ್ಕಷ್ಟೇ.

ಮನೆಯವಳು ಮಾತ್ರ ಇನ್ನೂ ಆ ದೋಣಿ ಹತ್ತಿಲ್ಲ.