ಒತ್ತು ಕಳಚಿದ ರಾತ್ರಿ

ಬಳ್ಳಾರಿಯಲ್ಲಿ ಡಿಟಿಪಿ ಅಂದರೆ ಮದುವೆ ಕಾರ್ಡು, ಬಿಲ್‌ಬುಕ್ಕು, ಜಾತ್ರೆ ಪತ್ರಿಕೆ, ಜೀನ್ಸ್ ಅಂಗಡಿಯ ಹ್ಯಾಂಡ್‌ಬಿಲ್ಲು. ವರ್ಷಗಟ್ಟಲೆ ಇದನ್ನೆಲ್ಲ ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರಿನಲ್ಲೇ ಮಾಡಿದವನು ನಾನು. ಅದರ 7.0 ಆವೃತ್ತಿ ಬಂದದ್ದು 2001ರಲ್ಲಿ. 8 ಬರಲೇ ಇಲ್ಲ. ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ನುಡಿ, ಶ್ರೀಲಿಪಿಯ ಹಳೆಯ ಫಾಂಟುಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿ ಕೆಲಸ ನಡೆಸುತ್ತವೆ. ಈಗಿನ ಗಿರಾಕಿಗಳು ಮೊಬೈಲಿನಲ್ಲಿ ಯೂನಿಕೋಡಿನಲ್ಲೇ ಟೈಪ್ ಮಾಡಿ ವಾಟ್ಸ್ಯಾಪಿಗೆ ಹಾಕುತ್ತಾರೆ. ಆ ಮ್ಯಾಟರನ್ನು ಪೇಜ್‌ಮೇಕರಿಗೆ ಹಾಕಿದರೆ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ. ವಿಧಿಯಿಲ್ಲದೆ ಯೂನಿಕೋಡ್ ಬಲ್ಲ ಇನ್‌ಡಿಸೈನಿಗೆ ಬಂದೆ.

ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಗೆ ದಾಸೋಹ ಮಾಡಿಸುವ ಹಿರಿಯರೊಬ್ಬರು ಪತ್ರಿಕೆ ಮಾಡಲು ಕೊಟ್ಟಿದ್ದರು. ಮ್ಯಾಟರು ಸಿರುಗುಪ್ಪದಿಂದ ಅವರ ಅಳಿಯ ಕಳಿಸಿದ್ದು. ಬೆಳಗಾದರೆ ಪ್ಲೇಟಿಗೆ ಹೋಗಬೇಕು. ಪೇಸ್ಟ್ ಮಾಡಿದೆ. ತೆರೆಯ ಮೇಲೆ ಬಂದದ್ದು ‘ದೊಡ್‌ಡಬಸವೇಶ್‌ವರ’. ಕೆಳಗೆ ‘ಸಿರುಗುಪ್‌ಪ’, ‘ಬಳ್‌ಳಾರಿ’. ಗುಡಿಸು, ಕೊಂಬುಗಳು ಅಕ್ಷರಕ್ಕೆ ಅಂಟದೆ ಪಕ್ಕದಲ್ಲಿ ನಿಂತಿದ್ದವು. ಸಾಲದ್ದಕ್ಕೆ ಪುಟ ಸರಿಸಿದಾಗೆಲ್ಲ ಚಿತ್ರದ ಮೇಲೆ ಕಪ್ಪು ಚೌಕಗಳು ಮೂಡಿ, ಮತ್ತೆ ಮಾಯವಾಗುತ್ತಿದ್ದವು.

ಹಿಂದೆ ಕೂತಿದ್ದ ಹಿರಿಯರು, “ಏನಪಾ, ದೇವ್ರ ಹೆಸ್ರ ಹಿಂಗ ಒಡದ್ರ ಊರಾಗ ಹೆಂಗ ಹಂಚಾದು?” ಅಂದರು. ನನಗೆ ಉತ್ತರ ಹೊಳೆಯಲಿಲ್ಲ.

ತುಂಗಾ ಹಾಕಿದೆ, ನೋಟೋ ಸಾನ್ಸ್ ಕನ್ನಡ ಹಾಕಿದೆ, ನುಡಿಯ ಯೂನಿಕೋಡ್ ಫಾಂಟು ಹಾಕಿದೆ. ಅದೇ ಗತಿ. ಡಿಸ್‌ಪ್ಲೇ ಡ್ರೈವರ್ ತೆಗೆದು ಮತ್ತೆ ಹಾಕಿದೆ. ನಡುವೆ ಕರೆಂಟು ಹೋಯಿತು, ಯುಪಿಎಸ್ಸು ಕೂಗತೊಡಗಿತು. ಸೆಖೆಗೆ ಬನಿಯನ್ನು ಮೈಗಂಟಿತ್ತು, ಕಣ್ಣು ಉರಿಯುತ್ತಿತ್ತು. ಒತ್ತುಗಳನ್ನೆಲ್ಲ ಬೇರೆ ಫ್ರೇಮುಗಳಲ್ಲಿ ಬರೆದು ಒಂದೊಂದಾಗಿ ಕೈಯಾರೆ ಕೂರಿಸಿಬಿಡಲೇ ಅನ್ನುವ ಯೋಚನೆಯೂ ಬಂತು. ದಾನಿಗಳ ಪಟ್ಟಿ ನೋಡಿದೆ, ಎದೆ ಕುಸಿಯಿತು.

ಕೊನೆಗೆ ಇದ್ದಂತೆಯೇ ಒಂದು ಪಿಡಿಎಫ್ ತೆಗೆದೆ. ಅದರಲ್ಲಿ ಕಪ್ಪು ಚೌಕ ಒಂದೂ ಇರಲಿಲ್ಲ. ಒಡೆದ ಒತ್ತುಗಳು ಮಾತ್ರ ಹಾಗೇ ಇದ್ದವು. ಆಗ ತಲೆ ತಿಳಿಯಾಯಿತು. ಒಂದು ರೋಗ ಅಂದುಕೊಂಡು ಒದ್ದಾಡಿದ್ದು ಎರಡು ರೋಗ. ಚೌಕಗಳು ಬರೀ ತೆರೆಯ ತೊಂದರೆ: ಪ್ರಿಫರೆನ್ಸಸ್‌ನಲ್ಲಿ ಜಿಪಿಯು ಪರ್ಫಾರ್ಮೆನ್ಸ್ ಟಿಕ್ ತೆಗೆದೆ, ಹೋದವು. ಒತ್ತಿನದು ಅಕ್ಷರ ಜೋಡಣೆಯ ತೊಂದರೆ. ಇನ್‌ಡಿಸೈನಿನ ಮಾಮೂಲಿ ಕಂಪೋಸರಿಗೆ ಕನ್ನಡದ ಒತ್ತು ಕೂರಿಸಲು ಬರುವುದಿಲ್ಲ. ಅದಕ್ಕೆಂದೇ 2012ರ ಸಿಎಸ್6 ಆವೃತ್ತಿಯಿಂದ ‘ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಭಾರತೀಯ ಭಾಷೆಗಳಿಗೂ ಸಿಗುತ್ತದೆ. ಅದಿರುವುದು ಪ್ಯಾರಾಗ್ರಾಫ್ ಪ್ಯಾನೆಲ್ಲಿನ ಮೂಲೆಯ ಪುಟ್ಟ ಮೆನುವಿನೊಳಗೆ. ಇಷ್ಟು ಮುಖ್ಯವಾದದ್ದನ್ನು ಅಷ್ಟು ಒಳಗೆ ಇಟ್ಟದ್ದು ನನಗೆ ಇವತ್ತಿಗೂ ಸರಿಕಾಣುವುದಿಲ್ಲ; ಕನ್ನಡದ ಮಟ್ಟಿಗೆ ಅದು ಹೆಚ್ಚುವರಿ ಸೌಲಭ್ಯವಲ್ಲ, ಅಕ್ಷರವೇ ಅದರ ಮೇಲೆ ನಿಂತಿದೆ.

ಎಲ್ಲವನ್ನೂ ಸೆಲೆಕ್ಟ್ ಮಾಡಿ ಅದನ್ನು ಒತ್ತಿದೆ. ‘ಡ’ದ ಕೆಳಗೆ ಡ ಬಂದು ಕೂತಿತು, ‘ಶ’ದ ಕೆಳಗೆ ವ. ಹಿರಿಯರು ಕನ್ನಡಕ ಏರಿಸಿಕೊಂಡು, ಕೈಮುಗಿದು, “ಹಾಂ, ಈಗ ಐತಿ ನೋಡು” ಅಂದರು. ಟ್ರೇಸಿಂಗ್ ಪೇಪರಿಗೆ ಪ್ರಿಂಟ್ ಕೊಟ್ಟಾಗ ಹೊರಗೆ ಹಾಲಿನವರು ಓಡಾಡುತ್ತಿದ್ದರು.

ಈಗ ಪ್ರಿಫರೆನ್ಸಸ್‌ನ ‘ಅಡ್ವಾನ್ಸ್‌ಡ್ ಟೈಪ್’ನಲ್ಲಿ ಡೀಫಾಲ್ಟ್ ಕಂಪೋಸರನ್ನೇ ಬದಲಿಸಿಟ್ಟಿದ್ದೇನೆ. ಹೊಸ ಫೈಲುಗಳಿಗೆ ಚಿಂತೆಯಿಲ್ಲ. ಬೇರೆಯವರು ಮಾಡಿಟ್ಟ ಹಳೆಯ ಫೈಲು ಬಂದಾಗ ಮಾತ್ರ ಒಂದೊಂದು ಸ್ಟೈಲನ್ನೂ ತೆರೆದು ಬದಲಿಸಬೇಕು.