ಕರೆಂಟು ಯಾವಾಗ ಬರ್ತದ?

ಹೊಂಬಳದಲ್ಲಿ ಸಂಜೆ ಕಟ್ಟೆಯ ಮೇಲೆ ನಾಲ್ಕು ಜನ ಕೂತರೆ ಮಾತು ಮಳೆಯಿಂದ ಶುರುವಾಗಿ, ಉಳ್ಳಾಗಡ್ಡಿ ರೇಟಿನ ಮೇಲೆ ಹಾದು, ಕಡೆಗೆ ಕರೆಂಟಿಗೆ ಬಂದೇ ಬರುತ್ತದೆ. ತ್ರೀಫೇಸ್ ಹಗಲು ಕೊಡುತ್ತಾರೋ ರಾತ್ರಿಯೋ ಎಂಬುದು ಪಂಪ್‌ಸೆಟ್ ಇದ್ದವರಿಗೆ ನಿದ್ದೆಯ ಪ್ರಶ್ನೆ. ಗದಗ ಸೀಮೆಯ ತುಂಬ ಗಾಳಿಯಂತ್ರಗಳು ತಿರುಗುತ್ತಿರುವಾಗ ಕರೆಂಟು ಹುಟ್ಟುವ ಸುದ್ದಿ ನಮಗೆ ದೂರದ್ದೂ ಅಲ್ಲ. ಅಂಥ ಮಾತಿನ ನಡುವೆ ಸೂರ್ಯನೊಳಗೆ ನಡೆಯುವುದನ್ನು ಭೂಮಿಯ ಮೇಲೆ ನಡೆಸಲು ಹೊರಟ ವಿಜ್ಞಾನಿಗಳ ವಿಷಯ ತೆಗೆದೆ. ಕಾಕಾ ಒಬ್ಬರು ಎಲ್ಲವನ್ನೂ ಕೇಳಿಸಿಕೊಂಡು ಅಂದರು: ‘ಅದೆಲ್ಲಾ ಖರೆ ತಮ್ಮಾ, ಕರೆಂಟು ಯಾವಾಗ ಬರ್ತದ?’

ಈ ಪ್ರಶ್ನೆಗೆ ಭೌತವಿಜ್ಞಾನಿ ಹೋಮಿ ಭಾಭಾ 1955ರಲ್ಲೇ ಉತ್ತರ ಕೊಟ್ಟಿದ್ದರು. ಜಿನೀವಾದ ಪರಮಾಣು ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಸೂರ್ಯನೊಳಗೆ ನಡೆಯುವ ಬೈಜಿಕ ಸಮ್ಮಿಲನದ, ಅಂದರೆ ಹಗುರ ಪರಮಾಣು ಬೀಜಗಳು ಒಂದಕ್ಕೊಂದು ಬೆಸೆಯುವಾಗ ಹೊಮ್ಮುವ, ಶಕ್ತಿಯನ್ನು ಹತೋಟಿಯಲ್ಲಿಟ್ಟು ಪಡೆಯುವ ದಾರಿ ಇನ್ನು ಎರಡು ದಶಕದೊಳಗೆ ಸಿಗುತ್ತದೆ ಎಂದರು. ಭಾಭಾ ನಮಗೆ ಪರಕೀಯರಲ್ಲ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವಕಿರಣಗಳ ಬೆನ್ನುಹತ್ತಿದವರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಮೊದಲು ಕಣ್ಣುಬಿಟ್ಟದ್ದೂ ಅಲ್ಲೇ. ಅವರು ಹೇಳಿದ ಎರಡು ದಶಕ ಏಳು ದಶಕವಾಯಿತು. ಆದರೆ ಅಷ್ಟೂ ವರ್ಷ ಯಾರೂ ಕೈಕಟ್ಟಿ ಕೂತಿರಲಿಲ್ಲ.

ತೊಡಕು ಎಲ್ಲಿದೆ ಎಂದರೆ, ಸೂರ್ಯನ ಒಡಲಲ್ಲಿ ಒಂದೂವರೆ ಕೋಟಿ ಡಿಗ್ರಿ ಶಾಖ ಸಾಕು. ಅವನ ಭಾರವೇ ಎಲ್ಲವನ್ನೂ ಅದುಮಿ ಹಿಡಿದಿರುತ್ತದೆ. ಆ ಭಾರ ನಮ್ಮಲ್ಲಿಲ್ಲ. ಹಾಗಾಗಿ ಹತ್ತು ಪಟ್ಟು, ಅಂದರೆ ಸುಮಾರು 15 ಕೋಟಿ ಡಿಗ್ರಿ ಕಾಯಿಸಬೇಕು. ಅಷ್ಟು ಬಿಸಿಯನ್ನು ತಾಳುವ ಪಾತ್ರೆ ಇಲ್ಲ. ಆದರೆ ಆ ಬಿಸಿಯಲ್ಲಿ ಅನಿಲ ಒಡೆದು ವಿದ್ಯುದಾವೇಶದ ಕಣಗಳಾಗುತ್ತದೆ (ಇದೇ ಪ್ಲಾಸ್ಮಾ), ಆ ಕಣಗಳು ಕಾಂತರೇಖೆಯನ್ನು ಸುತ್ತುತ್ತ ಸಾಗುತ್ತವೆ. ನೆಟ್ಟಗಿನ ಕೊಳವೆಯಾದರೆ ಎರಡೂ ತುದಿಯಲ್ಲಿ ಸೋರಿಹೋಗುತ್ತವೆಂದು ಕೊಳವೆಯನ್ನು ಕೋಡುಬಳೆಯಂತೆ ಬಾಗಿಸಿ ತುದಿ ಕೂಡಿಸಿದರು. ಆಗಲೂ ಕಣಗಳು ಗೋಡೆಯತ್ತ ಸರಿದವು. ಅದನ್ನು ತಡೆಯಲು ಪ್ಲಾಸ್ಮಾದೊಳಗೇ ವಿದ್ಯುತ್ ಹರಿಸಿ ಕಾಂತರೇಖೆಗಳಿಗೆ ಹುರಿ ಕೊಟ್ಟರು. ಸೋವಿಯತ್ ದೇಶದಲ್ಲಿ ಸಖರೋವ್ ಮತ್ತು ಟಾಮ್ ಅವರಿಗೆ 1950ರ ಹೊತ್ತಿಗೆ ಹೊಳೆದ ಈ ಉಪಾಯವೇ ಟೋಕಮಾಕ್.

ಭಾರತಕ್ಕೆ ಅದನ್ನು ತಂದವರಲ್ಲಿ ನನ್ನ ಮನಸ್ಸು ನಿಲ್ಲುವುದು ಪ್ರೆಧಿಮನ್ ಕೃಷ್ಣ ಕಾವ್ ಅವರ ಮೇಲೆ. 1948ರಲ್ಲಿ ಶ್ರೀನಗರದಲ್ಲಿ ಹುಟ್ಟಿ, ಹದಿನೆಂಟರ ಪ್ರಾಯಕ್ಕೇ ದೆಹಲಿಯ ಐಐಟಿಯಿಂದ ಪಿಎಚ್‌ಡಿ ಪಡೆದರು. ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಹೆಸರು ಮಾಡಿದ್ದರು; ಅಲ್ಲೇ ಉಳಿದಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. 1982ರಲ್ಲಿ ಮರಳಿ ಅಹಮದಾಬಾದಿಗೆ ಬಂದರು. ಅವರ ಮುಂದಾಳತ್ವದಲ್ಲಿ ಗಾಂಧಿನಗರದ ಹತ್ತಿರ ಭಾಟ್ ಎಂಬಲ್ಲಿ ಪ್ಲಾಸ್ಮಾ ಸಂಶೋಧನಾ ಸಂಸ್ಥೆ ಎದ್ದಿತು. 1989ರಲ್ಲಿ ನಮ್ಮದೇ ಟೋಕಮಾಕ್ ‘ಆದಿತ್ಯ’ ಕೆಲಸ ಶುರುಮಾಡಿತು. ಅದರ ಪ್ಲಾಸ್ಮಾ ಉಳಿಯುತ್ತಿದ್ದದ್ದು ಒಂದು ಸೆಕೆಂಡಿನ ಹತ್ತನೇ ಒಂದು ಪಾಲಿನ ಆಸುಪಾಸು.

ಅಷ್ಟರಲ್ಲಿ ಏನು ನೋಡಿಯಾರು? ನೋಡಿದರು. ಪ್ಲಾಸ್ಮಾದ ಅಂಚಿಗೆ ಸಣ್ಣ ಶೋಧಕ ಚಾಚಿ, ಅಲ್ಲಿಯ ತಳಮಳವನ್ನು ಕ್ಷಣಕ್ಷಣಕ್ಕೂ ಅಳೆದರು. ಅದು ಒಂದೇ ಸಮನೆ ಇರಲಿಲ್ಲ. ನಡುನಡುವೆ ಧುತ್ತೆಂದು ಉಕ್ಕುತ್ತಿತ್ತು. ಕಾವ್ ಮತ್ತು ಸಂಗಡಿಗರು 1992ರಲ್ಲಿ ಇದನ್ನು ಪ್ರಕಟಿಸಿದರು. ಇಂಥ ತಳಮಳದ ಮೂಲಕ ಶಾಖ ಗೋಡೆಗೆ ಹೇಗೆ ಸೋರುತ್ತದೆ ಎಂಬುದೇ ಈ ವಿದ್ಯೆಯ ಜೀವಾಳ. ನೂರು ಮಿಲಿಸೆಕೆಂಡಿನ ಯಂತ್ರದಿಂದ ಇಂಥ ಮಾತು ಹೊರಟಿತೆಂಬುದು ನನಗೆ ರಾಕೆಟ್ ಹಾರಿದಷ್ಟೇ ದೊಡ್ಡ ಸುದ್ದಿ. ಪತ್ರಿಕೆಗಳು ಇಂಥದಕ್ಕೆ ಜಾಗ ಕೊಡುವುದಿಲ್ಲ, ಕೊಡಬೇಕು.

ಮುಂದೆ ಭಾರತ, ಹಲವು ದೇಶಗಳು ಕೂಡಿ ಫ್ರಾನ್ಸಿನಲ್ಲಿ ಕಟ್ಟುತ್ತಿರುವ ದೊಡ್ಡ ಟೋಕಮಾಕ್ ‘ಈಟರ್’ ಯೋಜನೆಗೆ ಸೇರಿತು. ಸುಮಾರು 3,850 ಟನ್ ತೂಗುವ ಅದರ ಹೊರಕವಚದ ಭಾಗಗಳು ಸಿದ್ಧವಾದದ್ದು ಗುಜರಾತಿನ ಹಾಜಿರಾದಲ್ಲಿ. ಇತ್ತ ಇಂಗ್ಲೆಂಡಿನ ‘ಜೆಟ್’ ಎಂಬ ಟೋಕಮಾಕ್ 2023ರಲ್ಲಿ 0.2 ಮಿಲಿಗ್ರಾಂ ಇಂಧನದಿಂದ 69 ಮೆಗಾಜೂಲ್ ಶಕ್ತಿ ತೆಗೆಯಿತು. ನಮ್ಮ ಮೀಟರಿನ ಲೆಕ್ಕದಲ್ಲಿ ಹತ್ತೊಂಬತ್ತು ಯೂನಿಟ್. ಪ್ಲಾಸ್ಮಾ ಕಾಯಿಸಲು ಸುರಿದದ್ದು ಅದಕ್ಕಿಂತ ಹೆಚ್ಚು ಎಂಬುದನ್ನೂ ಹೇಳಲೇಬೇಕು.

ಕಾವ್ 2017ರಲ್ಲಿ ತೀರಿಕೊಂಡರು. ಸಮ್ಮಿಲನದ ಒಂದು ಯೂನಿಟ್ಟೂ ಆವರೆಗೆ ಯಾವ ಊರಿನ ತಂತಿಗೂ ಬಂದಿರಲಿಲ್ಲ, ಈಗಲೂ ಬಂದಿಲ್ಲ. ಅವರ ದುಡಿಮೆಯನ್ನು ಯೂನಿಟ್ಟಿನಲ್ಲಿ ಅಳೆಯುವುದು ನ್ಯಾಯವಲ್ಲ. ಪ್ಲಾಸ್ಮಾ ಬಲ್ಲ ಒಂದು ಪೀಳಿಗೆಯೇ ಅವರ ಕೈಕೆಳಗೆ ಈ ದೇಶದಲ್ಲಿ ತಯಾರಾಯಿತು.

ಕಾಕಾಗೆ ನಾನು, ‘ಇನ್ನೂ ದೂರ ಐತ್ರಿ ಕಾಕಾ, ಆದ್ರ ಕೆಲಸ ನಿಂತಿಲ್ಲ’ ಎಂದೆ. ಗದಗ, ಧಾರವಾಡಗಳಲ್ಲಿ ಭೌತಶಾಸ್ತ್ರದ ಎಂಎಸ್ಸಿ ಓದುವ ಮಕ್ಕಳ ತಂದೆತಾಯಿಗೆ ಒಂದು ಮಾತು: ಭಾಟ್‌ನ ಆ ಸಂಸ್ಥೆ ಬೇಸಿಗೆಯಲ್ಲಿ ವಿದ್ಯಾರ್ಥಿಗಳಿಗೆ ತರಬೇತಿ ನಡೆಸುತ್ತದೆ, ಪಿಎಚ್‌ಡಿಗೂ ತೆಗೆದುಕೊಳ್ಳುತ್ತದೆ. ಮಕ್ಕಳು ಅರ್ಜಿ ಹಾಕುತ್ತೇನೆಂದರೆ ದಯವಿಟ್ಟು ತಡೆಯಬೇಡಿ.