ಸಂಚಿಯಲ್ಲಿ ಐದು ಡಾಲರ್ ನೋಟು

ಮಧ್ಯಾಹ್ನ ಮೂರೂವರೆ. ರುದ್ರಪಟ್ಟಣದ ಬೀದಿಯಲ್ಲಿ ಬಿಸಿಲು ಇನ್ನೂ ಇಳಿದಿಲ್ಲ. ಕಾವೇರಿಯ ಕಡೆಯಿಂದ ಗಾಳಿ ಬೀಸಿದಾಗ ಮಾತ್ರ ಜಗಲಿಯ ಮೇಲೆ ಕೂರಲು ಹಿತ. ನಡುಮನೆಯಲ್ಲಿ ಎರಡು ಸೂಟ್‌ಕೇಸು ಬಾಯ್ತೆರೆದು ಬಿದ್ದಿವೆ. ಮೇಷ್ಟ್ರ ಮಗಳು ಕೊಕ್ಕೆ ತಕ್ಕಡಿಗೆ ಒಂದೊಂದನ್ನೇ ಸಿಕ್ಕಿಸಿ ಎತ್ತಿ ನೋಡುತ್ತಿದ್ದಾಳೆ. 23 ಕೆಜಿ ಮೀರುವಂತಿಲ್ಲ. ಹುಳಿಪುಡಿಯ ಡಬ್ಬಿ ಒಮ್ಮೆ ಒಳಗೆ, ಒಮ್ಮೆ ಹೊರಗೆ.

ಅವಳು ನಾಳಿದ್ದು ಟೆಕ್ಸಾಸ್‌ಗೆ ವಾಪಸು. ಮುಂದಿನ ತಿಂಗಳು ಮೇಷ್ಟ್ರೂ ಅಮ್ಮನೂ ಇಬ್ಬರೇ ಹೊರಡುವವರು. ನಡುವೆ ನಾಲ್ಕು ದಿನ ಲಂಡನ್ನಿನಲ್ಲಿ ಮೇಷ್ಟ್ರ ತಂಗಿಯ ಮನೆ, ಆಮೇಲೆ ಡಲ್ಲಾಸ್. ಮನೆಯ ಮಾತು ಸಂಕೇತಿಯಲ್ಲಿ ಶುರುವಾಗಿ, ಜಗಲಿಯಲ್ಲಿ ಕೂತ ನನಗೂ ಅಡುಗೆ ಭಟ್ಟರಿಗೂ ತಿಳಿಯಲೆಂದು ಕನ್ನಡಕ್ಕೆ ಹೊರಳುತ್ತದೆ.

"ಅಪ್ಪ, ಇದನ್ನ ಓದಿ ನೋಡಿ" ಎಂದು ಮಗಳು ಕೈಚೀಲದಿಂದ ಒಂದು ಮಡಿಸಿದ ಬಿಲ್ಲು ತೆಗೆದು ಕೊಡುತ್ತಾಳೆ.

ಮೇಷ್ಟ್ರು ಕನ್ನಡಕ ಏರಿಸುತ್ತಾರೆ. ನಾವಿಬ್ಬರೂ ಬಾಗುತ್ತೇವೆ. ಡಲ್ಲಾಸ್ ಪಕ್ಕದ ಒಂದು ಹೋಟೆಲಿನ ಬಿಲ್ಲು, ನಾಲ್ವರ ಊಟದ್ದು. ಊಟಕ್ಕೆ 64 ಡಾಲರ್. ಶೇಕಡಾ 8.25ರ ಮಾರಾಟ ತೆರಿಗೆ, 5 ಡಾಲರ್ 28 ಸೆಂಟ್. ಅದರ ಕೆಳಗೆ 'ಟಿಪ್' ಎಂದು ಅಚ್ಚಾಗಿ ಒಂದು ಖಾಲಿ ಗೆರೆ. ಗೆರೆಯ ಮೇಲೆ ಮಗಳ ಕೈಬರಹ: 11.52. ಒಟ್ಟು 80.80.

"ತೆರಿಗೆ ಕಟ್ಟಿಯಾದ ಮೇಲೂ ಹದಿನೆಂಟು ಪರ್ಸೆಂಟಾ?" ಮೇಷ್ಟ್ರ ದನಿ ಏರುತ್ತದೆ. "ಇದು ನೀನು ಖುಷಿಗೆ ಕೊಟ್ಟಿದ್ದೋ, ಅವರು ಕೇಳಿದ್ದೋ?"

"ಯಾರೂ ಕೇಳಲ್ಲ ಅಪ್ಪ. ಆದ್ರೆ ಕೊಡದೆ ಎದ್ದು ಬರೋ ಹಾಗಿಲ್ಲ. ಹದಿನೈದರಿಂದ ಇಪ್ಪತ್ತು ಅಲ್ಲಿಯ ವಾಡಿಕೆ. ಬಡಿಸೋ ಹುಡುಗಿಗೆ ಮಾಲೀಕ ಗಂಟೆಗೆ ಎಷ್ಟು ಕೊಟ್ರೆ ಸಾಕು ಗೊತ್ತಾ? ಎರಡು ಡಾಲರ್ ಹದಿಮೂರು ಸೆಂಟು."

ಭಟ್ಟರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸುತ್ತಾರೆ.

ಈ 2.13 ಡಾಲರ್ ಅಮೆರಿಕದ ಕೇಂದ್ರ ಕಾನೂನಿನ ಅಂಕಿ. 1991ರಿಂದ ಅಲುಗಿಲ್ಲ. ಟೆಕ್ಸಾಸ್‌ನಲ್ಲಿ ಈಗಲೂ ಅದೇ. ಟಿಪ್ಸ್ ಸೇರಿಯೂ ಗಂಟೆಗೆ 7.25 ಡಾಲರ್ ಮುಟ್ಟದಿದ್ದರೆ ಉಳಿದದ್ದನ್ನು ಮಾಲೀಕ ತುಂಬಿಕೊಡಬೇಕು. ಆ 7.25 ಕೂಡ 2009ರದ್ದು. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ಮಾತ್ರ ಪೂರ್ತಿ ಕನಿಷ್ಠ ಕೂಲಿ ಕೊಡಿಸಿ, ಟಿಪ್ಸನ್ನು ಅದರ ಮೇಲಿನದಾಗಿ ಬಿಟ್ಟಿವೆ.

"ಕೂಲಿ ಕೊಡೋದು ಇಟ್ಟುಕೊಂಡವನ ಕೆಲಸ. ಉಂಡವನ ತಲೆಗೆ ಯಾಕೆ ಕಟ್ತಾರೆ?" ಮೇಷ್ಟ್ರು ಬಿಲ್ಲನ್ನು ಹಾಸಿನ ಮೇಲಿಡುತ್ತಾರೆ.

ನ್ಯಾಯವಾದ ಸಿಟ್ಟು. ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ ಪುಲ್ಮನ್ ರೈಲು ಕಂಪನಿ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರನ್ನೇ ಮಲಗುಬೋಗಿಗಳ ಸೇವೆಗೆ ಹಿಡಿದು, ಸಂಬಳ ಕಡಿಮೆ ಕೊಟ್ಟು, ಮಿಕ್ಕದ್ದನ್ನು ಪ್ರಯಾಣಿಕರ ಕೈಗೆ ಬಿಟ್ಟಿತು. ಆ ಅನ್ಯಾಯದ ಎಳೆ ಇಂದಿನ ಬಿಲ್ಲಿನ ಖಾಲಿ ಗೆರೆಯವರೆಗೂ ಬಂದಿದೆ. ಆದರೆ ಆ ಗೆರೆಯನ್ನು ಖಾಲಿ ಬಿಟ್ಟು ಎದ್ದರೆ ಮಾಲೀಕನಿಗೆ ಏನೂ ತಟ್ಟುವುದಿಲ್ಲ. ತಟ್ಟೆ ಹೊತ್ತವಳಿಗೆ ತಟ್ಟುತ್ತದೆ. ಮಗಳು ಇದನ್ನೇ ಮೆಲ್ಲಗೆ ಹೇಳುತ್ತಾಳೆ. ಅವಳ ಮಾತೇ ನನಗೂ ಸರಿಯೆನಿಸುತ್ತದೆ.

"ಅಡುಗೆಯವನಿಗೆ?" ಭಟ್ಟರು ಕೇಳಿಯೇಬಿಡುತ್ತಾರೆ. ನಾಲ್ಕು ತಾಲ್ಲೂಕುಗಳ ಮದುವೆ ಮುಂಜಿಗಳಲ್ಲಿ ಒಲೆಯ ಮುಂದೆ ನಿಂತವರ ಪ್ರಶ್ನೆ ಅದು. "ಈ ಹನ್ನೊಂದೂವರೆ ಡಾಲರಲ್ಲಿ ಒಳಗಿರೋನಿಗೆ ಎಷ್ಟು ಬರತ್ತಮ್ಮ?"

ಮಗಳಿಗೆ ಉತ್ತರ ಗೊತ್ತಿದೆ. ಮಾಲೀಕ ಬಡಿಸುವವರಿಗೆ 2.13ರ ಲೆಕ್ಕ ಹಿಡಿದಿದ್ದರೆ, ಅವರ ಟಿಪ್ಸಿನಲ್ಲಿ ಅಡುಗೆಯವರಿಗೂ ಪಾಲು ಹಾಕಿ ಎಂದು ಬಲವಂತ ಮಾಡುವಂತಿಲ್ಲ. ಎಲ್ಲರಿಗೂ ಪೂರ್ತಿ ಕನಿಷ್ಠ ಕೂಲಿ ಕೊಡುವ ಕಡೆ, 2018ರ ತಿದ್ದುಪಡಿಯಿಂದ, ಒಳಗಿನವರನ್ನೂ ಪಾಲಿಗೆ ಸೇರಿಸಬಹುದು. ಮಾಲೀಕನಾಗಲಿ ಮ್ಯಾನೇಜರಾಗಲಿ ಒಂದು ಕಾಸೂ ಇಟ್ಟುಕೊಳ್ಳುವಂತಿಲ್ಲ.

"ಹಾಗಾದ್ರೆ ಹೊಗೆ ಕುಡಿದವನಿಗೆ ಇಲ್ಲ" ಎನ್ನುತ್ತಾರೆ ಭಟ್ಟರು. ಯಾರೂ ಮಾತಾಡುವುದಿಲ್ಲ.

ಸಂಗೀತಗಾರರ ಈ ಊರಿನಲ್ಲಿ ಈ ಮಾತು ಬೇರೆಯದೇ ಆಳದಿಂದ ಬರುತ್ತದೆ. ಹಾಡಿ ಮುಗಿಸಿದ ಮೇಲೆ ಯಾರೋ ಮೆಚ್ಚಿ ಹಣ್ಣು ಕಾಯಿಯ ಜೊತೆ ಕೊಟ್ಟ ಸಂಭಾವನೆಯಲ್ಲಿ ಮನೆ ನಡೆಸಿದ ವಿದ್ವಾಂಸರ ತಲೆಮಾರುಗಳು ಸಂಗೀತಲೋಕದಲ್ಲಿ ಆಗಿಹೋಗಿವೆ. ಕೊಡುವವನ ಮನಸ್ಸು ಆ ಹೊತ್ತು ಹೇಗಿತ್ತೋ ಅಷ್ಟು. 1920ರಲ್ಲಿ ಇಲ್ಲೇ ಹುಟ್ಟಿದ ಆರ್. ಕೆ. ಶ್ರೀಕಂಠನ್ ಸುಮಾರು ಮೂರು ದಶಕ ಆಕಾಶವಾಣಿಯಲ್ಲಿ ದುಡಿದರು, 2011ರಲ್ಲಿ ಪದ್ಮಭೂಷಣರಾದರು. ರೇಡಿಯೋ ತಂದ ತಿಂಗಳ ಸಂಬಳ ಗಾಯಕನಿಗೆ ಎಂಥ ನೆಮ್ಮದಿಯಾಗಿತ್ತೆಂದು ಈ ಬೀದಿಗೆ ಹೇಳಿಕೊಡಬೇಕಿಲ್ಲ. ಊರಿಗೆ ಬಂದವರೆಲ್ಲ ತಂಬೂರಿಯಾಕಾರದ ಸಪ್ತಸ್ವರ ದೇವತಾ ಧ್ಯಾನ ಮಂದಿರ ನೋಡಿ ಹೋಗುತ್ತಾರೆ. ಅದನ್ನು ಕಟ್ಟಿಸಿದವರೂ ಇಲ್ಲಿಯವರೇ, ವಿದ್ವಾನ್ ಆರ್. ಕೆ. ಪದ್ಮನಾಭ. ಕೇಳುಗರ ಮೆಚ್ಚುಗೆ ಬೇರೆ, ಹೊಟ್ಟೆಪಾಡು ಬೇರೆ ಎಂದು ತಿಳಿದವರ ಊರಿದು.

ಮೇಷ್ಟ್ರು ಬಿಲ್ಲನ್ನು ಮತ್ತೆ ಕೈಗೆತ್ತಿಕೊಳ್ಳುತ್ತಾರೆ. "ಲಂಡನ್ನಲ್ಲೂ ಹೀಗೇನಾ?"

"ಅಲ್ಲಿ ಬಿಲ್ಲಲ್ಲೇ ಸರ್ವಿಸ್ ಚಾರ್ಜ್ ಅಂತ ಸೇರಿಸಿರ್ತಾರೆ, ಸಾಮಾನ್ಯವಾಗಿ ಹನ್ನೆರಡೂವರೆ. ಅದಿದ್ರೆ ಮತ್ತೆ ಟಿಪ್ಸ್ ಬೇಡ. ಐಚ್ಛಿಕ ಅಂತ ಬರೆದಿದ್ರೆ, ಬಡಿಸಿದ್ದು ಸರಿಯಿಲ್ಲ ಅನ್ನಿಸಿದಾಗ ತೆಗೀರಿ ಅಂತಾನೂ ಕೇಳಬಹುದು." ಆ ಹಣವನ್ನು ಮಾಲೀಕ ನುಂಗದೆ ಪೂರ್ತಿಯಾಗಿ ಕೆಲಸಗಾರರಿಗೇ ಹಂಚಬೇಕೆಂಬ ಕಾನೂನು ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅಮೆರಿಕದಲ್ಲೂ ಆರು, ಎಂಟು ಜನ ಒಟ್ಟಿಗೆ ಹೋದರೆ ಅನೇಕ ಹೋಟೆಲುಗಳು ತಾವೇ ಸೇರಿಸಿಬಿಡುತ್ತವೆ. ಕನ್ನಡ ಸಂಘದ ಗುಂಪಿನೊಡನೆ ಉಂಡಾಗ ಅದನ್ನು ಗಮನಿಸದೆ ಖಾಲಿ ಗೆರೆಯನ್ನೂ ತುಂಬಿ ಎರಡೆರಡು ಸಲ ಕೊಡುವವರಿದ್ದಾರೆ. ಕಾಫಿ ಕೌಂಟರಿನಲ್ಲಿ ಪರದೆ ತಿರುಗಿಸಿ ಶೇಕಡಾ ಇಪ್ಪತ್ತು ತೋರಿಸಿದರೆ ಬೇಡವೆಂದು ಒತ್ತಬಹುದು, ತಪ್ಪಿಲ್ಲ. ಜಪಾನಿನಲ್ಲಿ ಕೊಡುವ ವಾಡಿಕೆಯೇ ಇಲ್ಲ. ಮೇಜಿನ ಮೇಲೆ ಬಿಟ್ಟರೆ ಮರೆತು ಹೋದಿರೆಂದು ಹಿಂದೆಯೇ ಓಡಿ ಬಂದು ಕೊಡುತ್ತಾರೆ.

"ನಮ್ಮ ಬೆಂಗಳೂರಲ್ಲೂ ಸರ್ವಿಸ್ ಚಾರ್ಜ್ ಹಾಕ್ತಾರಲ್ಲ" ಎನ್ನುತ್ತೇನೆ. ತಾನಾಗಿ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೇಳಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ಎತ್ತಿಹಿಡಿಯಿತು. ಕೊಡಬೇಕೆನಿಸಿದರೆ ಬಡಿಸಿದವನ ಕೈಗೇ ಕೊಡುವುದು ಉತ್ತಮ.

ಇಷ್ಟು ಹೊತ್ತೂ ಹೊಸ್ತಿಲ ಬಳಿ ಮಂಡಿ ನೀವಿಕೊಳ್ಳುತ್ತ ಕೂತಿದ್ದ ಅಮ್ಮ ಈಗ ಬಾಯಿ ತೆರೆಯುತ್ತಾರೆ. "ಹೋಟೆಲು ಇರಲಿ ಕಣೇ. ನನ್ನ ಗಾಲಿಕುರ್ಚಿ ತಳ್ಳೋರಿಗೆ?"

ಮಗಳು ತಕ್ಕಡಿ ಕೆಳಗಿಟ್ಟು ಅವರ ಪಕ್ಕ ಬಂದು ಕೂರುತ್ತಾಳೆ. ನಿಜವಾದ ಪ್ರಶ್ನೆ ಇದು. ಮಂಡಿನೋವಿಗೋ, ಇಂಗ್ಲಿಷಿನ ಅಳುಕಿಗೋ, ನಮ್ಮ ಕಡೆಯ ಎಷ್ಟೋ ತಂದೆತಾಯಿ ಈ ಕುರ್ಚಿಯಲ್ಲೇ ವಿಮಾನದ ಬಾಗಿಲಿನಿಂದ ಇಮಿಗ್ರೇಷನ್ ದಾಟಿ, ಸಾಮಾನು ಬರುವ ಬೆಲ್ಟಿನವರೆಗೆ ಹೋಗುತ್ತಾರೆ. ವಿಮಾನ ಕಂಪನಿ ಇದನ್ನು ಪುಕ್ಕಟೆ ಒದಗಿಸಬೇಕೆಂದು ಅಮೆರಿಕದ ಕಾನೂನಿದೆ. ಆದರೆ ತಳ್ಳುವವರಲ್ಲಿ ಬಹಳ ಮಂದಿ ಗುತ್ತಿಗೆಯ ಕೆಲಸಗಾರರು, ಕೂಲಿ ಕಡಿಮೆ. ಅಷ್ಟು ಉದ್ದದ ದಾರಿ ತಳ್ಳಿ, ಸಾಲುಗಳಲ್ಲಿ ಜೊತೆಗೆ ಕಾದು, ಸೂಟ್‌ಕೇಸು ಇಳಿಸಿಕೊಟ್ಟು, ಹೊರಬಾಗಿಲಲ್ಲಿ ಮಕ್ಕಳಿಗೆ ಒಪ್ಪಿಸುತ್ತಾರೆ. ಆ ಗಳಿಗೆಯಲ್ಲಿ ಮೊಮ್ಮಗನನ್ನು ಅಪ್ಪಿಕೊಳ್ಳುವ ಸಂಭ್ರಮ. ತಿರುಗಿ ನೋಡುವಷ್ಟರಲ್ಲಿ ತಳ್ಳಿ ತಂದವರು ಮುಂದಿನ ಕುರ್ಚಿಗೆ ಹೊರಟಿರುತ್ತಾರೆ.

"ಅದಕ್ಕೇ ಕೈಯಲ್ಲಿ ಮೊದಲೇ ಇರಬೇಕಮ್ಮ. ಐದು ಡಾಲರಿನ ನೋಟು. ಬಹಳ ಹೊತ್ತಾದ್ರೆ ಹತ್ತು."

ಅಮ್ಮ ಸೊಂಟದಿಂದ ಎಲೆಯಡಿಕೆಯ ಸಂಚಿ ತೆಗೆಯುತ್ತಾರೆ. ಮಗಳು ಐದರ ನೋಟುಗಳನ್ನು ಮಡಿಸಿ ಅದರ ಒಂದು ಅರೆಗೆ ಸೇರಿಸುತ್ತಾಳೆ. ಹೋಟೆಲು ಕೋಣೆ ಗುಡಿಸುವವರಿಗೆ ಒಂದೊಂದು ಡಾಲರಿನವು ಬೇರೆ ಅರೆಗೆ. ಅವರಿಗೆ ದಿನದಿನವೂ ಇಡಬೇಕು. ಹೊರಡುವ ದಿನ ಒಟ್ಟಿಗೆ ಇಟ್ಟರೆ ಅದು ಆವತ್ತು ಬಂದವರಿಗೆ ಸಿಗುತ್ತದೆ, ಹಿಂದಿನ ದಿನ ಗುಡಿಸಿದವರಿಗಲ್ಲ.

"ಬೆಂಗಳೂರಲ್ಲಿ ತಳ್ಳೋ ಹುಡುಗನಿಗೆ?" ಅಮ್ಮ ಕೇಳುತ್ತಾರೆ.

ಮಗಳು ಅಪ್ಪನ ಮುಖ ನೋಡುತ್ತಾಳೆ. ಅದನ್ನು ಅವಳೂ ಯೋಚಿಸಿರಲಿಲ್ಲ.

"ನೂರು ರೂಪಾಯಿ ಕೊಡಿ ಅಮ್ಮಾ" ಎನ್ನುತ್ತಾರೆ ಭಟ್ಟರು.

"ನೂರು ಯಾತಕ್ಕೂ ಆಗಲ್ಲ ಭಟ್ರೇ. ಅವನೂ ತಾಸುಗಟ್ಟಲೆ ನಿಂತಿರ್ತಾನೆ" ಎಂದು ಮೇಷ್ಟ್ರು ಒಳಗೆದ್ದು ಹೋಗಿ, ಗೋಡೆಬೀರು ತೆಗೆದು, ಇನ್ನೂರರ ಎರಡು ನೋಟು ತಂದು ಸಂಚಿಯ ಮೂರನೆಯ ಅರೆಗೆ ತಾವೇ ಇಡುತ್ತಾರೆ.